ಮ್ಯಾನೇಜರು ಹಿಡಿದ ಅಂಜಲ್

ದಾರ್ಸೈಟ್, ಒಮಾನ್, ಶನಿವಾರ

ಮಾವ,

ಕಾರ್ಡಿನ ಆಚೆ ಬದಿಯಲ್ಲಿ ಅಂಜಲ್ ಎತ್ತಿಕೊಂಡು ನಗುತ್ತಿರುವವರು ನಮ್ಮ ಮ್ಯಾನೇಜರ್. ಆ ಮೀನು ಹಿಡಿದದ್ದು ನಾನು.

ಎಂಟು ದಿನದ ಹಿಂದೆ, ಶುಕ್ರವಾರ, ಆಫೀಸಿನ ನಮ್ಮ ನಾಲ್ವರನ್ನು ಸಣ್ಣ ದೋಣಿಯಲ್ಲಿ ಮೀನಿಗೆ ಕರೆದುಕೊಂಡು ಹೋಗಿದ್ದರು. ಬಣ್ಣದ ಪ್ಲಾಸ್ಟಿಕ್ ಮೀನನ್ನು ಬರೀ ತಂಗೂಸಿನ ನೈಲಾನ್ ದಾರಕ್ಕೆ ಕಟ್ಟಿ ಎಳೆಯುತ್ತಿದ್ದರು. “ಸರ್, ಅಂಜಲಿನ ಹಲ್ಲು ಕತ್ತರಿ ಇದ್ದ ಹಾಗೆ. ಗಾಳದ ಹತ್ತಿರ ಒಂದು ಮೊಳ ತಂತಿ ಬೇಕು” ಎಂದೆ. “ನೀನು ಅಕೌಂಟ್ಸ್ ನೋಡ್ಕೊಳಪ್ಪ” ಎಂದರು. ಮಲ್ಪೆಯ ಕಡಲಲ್ಲಿ ಮೀನು ಹಿಡಿದು ಬೆಳೆದ ಮೊಗವೀರನಿಗೆ ಈ ಮಾತು. ಅರ್ಧ ಗಂಟೆಯೊಳಗೆ ಅವರ ಮೂರು ಪ್ಲಾಸ್ಟಿಕ್ ಮೀನುಗಳೂ ತಂಗೂಸು ಕಡಿದು ಸಮುದ್ರ ಸೇರಿದವು.

ದೋಣಿ ನಡೆಸುವ ಒಮಾನಿ ಮುದುಕ ಖಮೀಸ್ ತನ್ನ ಕೈಗಾಳವನ್ನು ನನ್ನತ್ತ ಚಾಚಿ, “ಯಲ್ಲಾ, ಅಬ್ ತುಮ್ ಕರೋ” ಎಂದ. ನೀವು ಕಲಿಸಿದಂತೆಯೇ ತಂತಿ ಸುತ್ತಿ ಗಂಟು ಹಾಕಿದೆ, ಗಾಳಕ್ಕೆ ಬೂತಾಯಿ ಮೀನು ಚುಚ್ಚಿದೆ, ಇಂಜಿನ್ ನಿಧಾನ ಮಾಡಿಸಿ ತಂಗೂಸನ್ನು ಬೆರಳ ಮೇಲೆ ಬಿಟ್ಟುಕೊಂಡು ಕೂತೆ. ಹತ್ತೇ ನಿಮಿಷ. ಮೀನು ದೋಣಿಗೆ ಬಿದ್ದದ್ದೇ ತಡ, “ಕೊಡು ಇಲ್ಲಿ, ಒಂದು ಫೋಟೊ” ಎಂದು ಮ್ಯಾನೇಜರ್ ಕಸಿದುಕೊಂಡರು. ಈಗ ಅದನ್ನು ಕಾರ್ಡ್ ಮಾಡಿಸಿ ಆಫೀಸಿಗೆಲ್ಲ ಹಂಚಿದ್ದಾರೆ. ನನಗೂ ಒಂದು ಕೊಟ್ಟರು, ನಾಚಿಕೆಯೇ ಇಲ್ಲ.

ತಂಗೂಸು ಕೊಯ್ದ ಬೆರಳು ಮಾಯುತ್ತಿದೆ, ಅಮ್ಮನಿಗೆ ಹೇಳಬೇಡಿ. ಜಾಗ ಮುಗಿಯಿತು. ಕಾರ್ಡ್ ತಿರುಗಿಸಿದಾಗ ಅವರ ಮುಖ ಬಿಡಿ, ಮೀನಿನ ಬಾಯಿ ನೋಡಿ. ಅಲ್ಲಿರುವ ಗಂಟು ಯಾರದೆಂದು ನಿಮಗೆ ಹೇಳಬೇಕಾಗಿಲ್ಲ.

ನಿಮ್ಮ ಅಳಿಯ
ಲಕ್ಷಿತ್