ಬಸ್ಸಿನ ಹೊತ್ತು ಕೇಳುವವರು

ಓಲ್ಡ್ ಬ್ರಿಡ್ಜ್, ನ್ಯೂಜೆರ್ಸಿ
ಏಪ್ರಿಲ್ ಕೊನೆಯ ಭಾನುವಾರ

ಚಿರಂಜೀವಿ ಇಂಚರಾ ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಾ? ಶಿಕಾಗೋದ ಗಾಳಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀಯೋ, ಹಾಗೇ ಓಡಾಡುತ್ತೀಯೋ? ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿಮ್ಮಪ್ಪನ ಬಿಪಿ ನಿಮ್ಮಮ್ಮನ ಉಪ್ಪಿನಕಾಯಿಯ ದಯದಿಂದ ಮೇಲೇ ನಿಂತಿದೆ. ಗುರುವಾರದಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತುತ್ತಿಲ್ಲ. ಎತ್ತಿದರೆ "ಮಾವಾ" ಅಂತ ರಾಗ ಎಳೆದು ನಗಿಸಿಬಿಡುತ್ತೀಯ. ಈ ಸಲ ನಗುವ ಮನಸ್ಸಿಲ್ಲ. ಅದಕ್ಕೇ ಕಾಗದ. ನಿನಗೆ ಕನ್ನಡ ಓದಲು ಕಲಿಸಿದವನು ನಾನು. ಅರಸ, ಅಗಸ ಅಂದರೆ ಆಕಳಿಸುತ್ತಿದ್ದೆ ಎಂದು ಫುಟ್‌ಬಾಲ್ ಆಟಗಾರರ ಹೆಸರುಗಳನ್ನು ಕನ್ನಡದಲ್ಲಿ ಬರೆದು ಒತ್ತಕ್ಷರ ತಿದ್ದಿಸಿದೆ. ಆ ಒತ್ತಕ್ಷರಗಳನ್ನೆಲ್ಲ ಇವತ್ತು ಕೂಡಿಸಿಕೊಂಡು ಓದು.

ನೀನಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದಾಗ ಟೀವಿಯ ಮುಂದೆ ನನ್ನನ್ನು ಕೂರಿಸಿಕೊಂಡು ಅಮೆರಿಕನ್ ಫುಟ್‌ಬಾಲಿನ ಈ ಡ್ರಾಫ್ಟ್ ಅಂದರೇನು ಎಂದು ಹೇಳಿಕೊಟ್ಟಿದ್ದೆ. ಕಾಲೇಜಿನಲ್ಲಿ ಆಡುವ ಹುಡುಗರನ್ನು ದೊಡ್ಡ ತಂಡಗಳು ವರ್ಷಕ್ಕೊಮ್ಮೆ ಸರದಿಯಲ್ಲಿ ಆರಿಸಿಕೊಳ್ಳುತ್ತವೆ, ಯಾರು ಯಾರನ್ನು ಆರಿಸುತ್ತಾರೆ ಅಂತ ಜನ ತಿಂಗಳುಗಟ್ಟಲೆ ಮೊದಲೇ ಊಹಿಸುತ್ತಾರೆ ಎಂದೆ ನೀನು. ಅಳತೆ, ತೂಕ, ಓಟ ಅಂತ ಏನೇನೋ ಅಂಕಿ ತೋರಿಸಿದೆ. ನಾನು ಅಂಕಿ ನೋಡಲಿಲ್ಲ. "ಇದು ಹೆಣ್ಣು ನೋಡೋ ಶಾಸ್ತ್ರ ಕಣೇ" ಅಂದೆ. ಶಿರಾ ಸೀಮೆಯ ಅರ್ಧ ಮದುವೆಗಳು ನನ್ನ ಕಣ್ಣೆದುರೇ ಕುದುರಿದ್ದು. ಗಂಡಿನ ಕಡೆಯವರು ಹುಡುಗಿಯನ್ನು ಬಾಯ್ತುಂಬ ಹೊಗಳಿ "ಊರಿಗೆ ಹೋಗಿ ತಿಳಿಸ್ತೀವಿ" ಅಂದರೆ ಮುಗಿಯಿತು, ಬೇಡ ಅಂತಲೇ ಅರ್ಥ. ಮನಸ್ಸಾದವರು ಮಾತೇ ಆಡುವುದಿಲ್ಲ. ತಲೆ ತಗ್ಗಿಸಿ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಏಳುವಾಗ, ಸುಮ್ಮನೆ ಎಂಬಂತೆ, ಈ ಊರಿಗೆ ಬಸ್ಸು ಎಷ್ಟು ಹೊತ್ತಿಗೊಂದು ಎಂದು ಕೇಳುತ್ತಾರೆ. ಮತ್ತೆ ಬರುವವನಿಗೆ ತಾನೆ ಬಸ್ಸಿನ ಚಿಂತೆ? ಈ ಒಂದು ಲೆಕ್ಕಾಚಾರದ ಮೇಲೆ ನಾವಿಬ್ಬರೂ, ಡ್ರಾಫ್ಟ್ ರಾತ್ರಿ ನಮ್ಮ ಬೇಸ್‌ಮೆಂಟಿಗೆ ಊಹೆಯ ಪಂದ್ಯ ಕಟ್ಟಲು ಬರುವ ಎಷ್ಟು ಜನ ಇಂಜಿನಿಯರುಗಳ ಸೊಕ್ಕು ಮುರಿದಿಲ್ಲ! ಮೊದಲ ಹತ್ತರಲ್ಲಿ ಎಂಟು ಸರಿ ಹೇಳಿದ ವರ್ಷವೂ ಇದೆ. ನಾಲ್ಕು ಅನ್ನುತ್ತೀಯ ನೀನು. ಇರಲಿ. ಗೆದ್ದವರಿಗೆ ಹಾಕುವ ಮೈಸೂರು ಪೇಟ ಹೆಚ್ಚು ಸಲ ಕೂತದ್ದು ಯಾರ ತಲೆಯ ಮೇಲೆ?

ಈ ವರ್ಷದ ಗುಟ್ಟು ಎಂಥದ್ದಾಗಿತ್ತು! ನಮ್ಮ ಜೈಂಟ್ಸ್ ತಂಡದ ದೊಡ್ಡವರು ಟೀವಿಗೆ ಬಂದಾಗಲೆಲ್ಲ ಚೆಂಡೆಸೆದು ಆಟ ನಡೆಸುವ ಆ ಕ್ವಾರ್ಟರ್‌ಬ್ಯಾಕ್ ಹುಡುಗನನ್ನು ಹೊಗಳಿದ್ದೇ ಹೊಗಳಿದ್ದು. ಊರೆಲ್ಲ ಅವನೇ ಎಂದು ಕೂತಿತ್ತು. ನಾನು ಮಾತ್ರ ದಕ್ಷಿಣದ ಯಾವುದೋ ಸಣ್ಣ ಕಾಲೇಜಿನ, ಅಡ್ಡ ನಿಂತು ತಡೆಯುವ ಆ ತೊಲೆಯಂಥ ಹುಡುಗನನ್ನು ಹಿಡಿದೆ. ಅವನ ಬಗ್ಗೆ ಇವರು ಒಂದು ಮಾತೂ ಆಡಿರಲಿಲ್ಲ. ಆದರೆ ಇವರ ಕಡೆಯವನೊಬ್ಬ ಅಲ್ಲಿಗೆ ಹೋಗಿ, ಹುಡುಗನ ಮನೆಯಿಂದ ಏರ್‌ಪೋರ್ಟ್ ಎಷ್ಟು ದೂರ ಎಂದು ಕೇಳಿದನಂತೆ ಅಂತ ನೀನೇ ಎಲ್ಲೋ ಓದಿ ಹೇಳಿದೆ. ಸಿಕ್ಕಿತಲ್ಲ ಬಸ್ಸು ಅಂದೆ ನಾನು. ಇದು ನಮ್ಮಿಬ್ಬರಲ್ಲೇ ಇರಲಿ ಅಂದೆ. ಪ್ರಾಮಿಸ್ ಮಾವ ಅಂದೆ ನೀನು.

ಗುರುವಾರ ಸಂಜೆ ಎಲ್ಲರೂ ಬಂದರು. ನಮ್ಮ ಕರಾವಳಿಯ ಗೆಳೆಯ ಕರುಣಾಕರ ಹಿಕ್ಸ್‌ವಿಲ್‌ನಿಂದ ಹೆಂಡತಿ ಸುಂದರಿ, ಮಗ ಸೂರಜ್, ತನ್ನ ಹೋಟೆಲಿನ ನೀರುದೋಸೆ ಎಲ್ಲವನ್ನೂ ಹೊತ್ತು ತಂದ. ನೀನು ಶಿಕಾಗೋದಿಂದ ಟೀವಿ ಪಕ್ಕದ ಲ್ಯಾಪ್‌ಟಾಪಿನಲ್ಲಿ ಕೂತಿದ್ದೆ. ಜೈಂಟ್ಸ್ ಸರದಿ ಬಂದಾಗ ಒಬ್ಬೊಬ್ಬರೂ ಎದ್ದು ಹೆಸರು ಹೇಳಬೇಕು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಆ ನಿಯಮ ಮಾಡಿದವನೂ ನಾನೇ. ದೂರದಿಂದ ಬಂದವರು ಎಂಬ ಮರ್ಯಾದೆಗೆ ಕರುಣಾಕರನಿಗೆ ಮೊದಲು ಬಿಟ್ಟೆ. ಅವನು ಎದ್ದು ಪಂಚೆ ಸರಿಮಾಡಿಕೊಂಡು ನನ್ನ ತೊಲೆ ಹುಡುಗನ ಹೆಸರು ಹೇಳಿದ. ನಾನು ಲ್ಯಾಪ್‌ಟಾಪ್ ನೋಡಿದೆ. ನೀನು ಕೆಳಗೆ ನೋಡುತ್ತಿದ್ದೆ. ನನ್ನ ಸರದಿಗೆ ಬೇರೆ ಗತಿಯಿಲ್ಲದೆ, ಮೂರು ವಾರದಿಂದ ನಾನೇ ಗೇಲಿ ಮಾಡುತ್ತಿದ್ದ ಆ ಕ್ವಾರ್ಟರ್‌ಬ್ಯಾಕಿನ ಹೆಸರು ಹೇಳಿ ಕೂತೆ. ಜನ ನಕ್ಕರು. ಆಮೇಲೆ ಜೈಂಟ್ಸ್ ಯಾರನ್ನು ಆರಿಸಿತು ಎಂದು ನಿನಗೆ ಬರೆಯಬೇಕಾಗಿಲ್ಲ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಪೇಟ ಹಾಕಿಸಿಕೊಂಡ ಕರುಣಾಕರ ಖುಷಿಯಲ್ಲಿ ಬಂದು ನನ್ನ ಹೆಗಲ ಮೇಲೆ ಕೈಹಾಕಿ, "ಬೇಜಾರ್ ಮಾಡ್ಬೇಡಿ ಬೀಗರೇ, ನೀವಾದ್ರೇನು ನಾವಾದ್ರೇನು ಮಾರಾಯ್ರೇ" ಅಂದ.

ಬೀಗರೇ. ಸುಂದರಿ ಗಂಡನ ಪಂಚೆ ಜಗ್ಗಿದಳು. ಸೂರಜ್ ಖಾಲಿ ತಟ್ಟೆ ಹಿಡಿದು ಮಹಡಿ ಹತ್ತಿದ. ನೀನು ಲ್ಯಾಪ್‌ಟಾಪಿನಲ್ಲಿ ಮಾಯವಾದೆ, ನೆಟ್ ಹೋಯಿತು ಎಂದು ನಿಮ್ಮಪ್ಪ ಎಲ್ಲರಿಗೂ ಕೇಳುವಂತೆ ಹೇಳಿದರು. ಹೆಣ್ಣು ಕೊಟ್ಟವರನ್ನು, ತಂದವರನ್ನು ಅಲ್ಲದೆ ಮತ್ತ್ಯಾರನ್ನು ಬೀಗರೇ ಅನ್ನುತ್ತಾರೆ? ಅಡುಗೆಮನೆಯಲ್ಲಿ ನಿಮ್ಮಮ್ಮನನ್ನು ಹಿಡಿದು ಕೇಳಿದೆ. ಸಿಂಕಿನ ಕಡೆ ತಿರುಗಿಕೊಂಡೇ ಹೇಳಿದಳು: "ನಿಂಗೆ ಹೇಳಿದ್ರೆ ಎಡಿಸನ್‌ವರೆಗೂ ಡಂಗುರ ಹೊಡೀತಿದ್ದೆ ಅಣ್ಣ. ಎಲ್ಲಾ ಗಟ್ಟಿಯಾದ್ಮೇಲೆ ಹೇಳೋಣ ಅಂತಿದ್ವಿ." ಹಿಲ್ಸ್‌ಬರೋದಲ್ಲಿರುವ ನಿನ್ನ ಚಿಕ್ಕಪ್ಪ ಬದರಿಗೂ ಗೊತ್ತಂತೆ. ವಾರಕ್ಕೊಂದು ಸಲ ಮೆಣಸಿನಪುಡಿ ಕೇಳಲು ಬರುವವನಿಗೆ ಗೊತ್ತು, ಅದೇ ಮನೆಯ ಕೆಳಗೆ ಮಲಗುವವನಿಗೆ ಗೊತ್ತಿಲ್ಲ.

ಸೂರಜ್ ಮೇಲೆ ನನಗೆ ಸಿಟ್ಟಿಲ್ಲ. ಕರಾವಳಿಯವರು, ಮೀನು ತಿನ್ನುವವರು ಎಂದೆಲ್ಲ ನಾನು ಅನ್ನುವವನಲ್ಲ. ಅಂದರೂ ಒಂದೆರಡು ಸಲ ಅಂದು ಬಿಟ್ಟುಬಿಡುತ್ತೇನೆ. ಆದರೆ ನಮ್ಮಲ್ಲಿ ಹೆಣ್ಣುಮಗಳ ಮದುವೆ ಮಾತು ಮೊದಲು ಬೀಳಬೇಕಾದ್ದು ಸೋದರಮಾವನ ಕಿವಿಗೆ. ಹಸೆಮಣೆಗೆ ಕೈಹಿಡಿದು ಕರೆತರುವವನು ಅವನು. ನೀನು ನನಗೆ ಹೇಳಲಿಲ್ಲ, ಅದೊಂದು. ನನ್ನ ತೊಲೆ ಹುಡುಗನನ್ನು ಅವರ ಮನೆಗೆ ಉಡುಗೊರೆ ಕೊಟ್ಟೆ, ಅದು ಇನ್ನೊಂದು. ಬಾಯಿ ತಪ್ಪಿ ಹೇಳಿರಬೇಕು ಪಾಪ ಎನ್ನುತ್ತಾಳೆ ನಿಮ್ಮಮ್ಮ. ನಿನ್ನ ಬಾಯಿ ತಪ್ಪಿದ್ದನ್ನು ನಾನು ಎಂದೂ ಕಂಡಿಲ್ಲ. ತಂಡಗಳು ಸರದಿಯಲ್ಲಿ ಒಂದು ಮೆಟ್ಟಿಲು ಮೇಲೆ ಹೋಗಲು ಕೈಯಲ್ಲಿದ್ದವನನ್ನು ಬಿಟ್ಟುಕೊಡುತ್ತವಲ್ಲ, ಹಾಗೆ ಮಾವನ ಮನೆಯಲ್ಲಿ ಒಂದು ಮೆಟ್ಟಿಲು ಹತ್ತಲು ಈ ಮಾವನನ್ನು ಬಿಟ್ಟುಕೊಟ್ಟೆ. ಒಂದು ಮಾತು ಕೇಳಿದ್ದರೆ ಆ ಹೆಸರನ್ನು ನಾನೇ ವೀಳ್ಯದೆಲೆಯಲ್ಲಿ ಇಟ್ಟು ಕರುಣಾಕರನಿಗೆ ಕೊಡುತ್ತಿದ್ದೆ.

ಇನ್ನೂ ಉರಿಯುವುದು ಬೇರೆ. ಮೊದಲೆಲ್ಲ ಸೂರಜ್ ಹಾಗೆ, ಸೂರಜ್ ಹೀಗೆ ಎಂದು ಆಡಿಕೊಂಡು ನಗುತ್ತಿದ್ದವಳು ಒಂದು ವರ್ಷದಿಂದ ಅವನ ಹೆಸರೇ ಎತ್ತಿರಲಿಲ್ಲ. ಜೈಂಟ್ಸ್‌ನವರ ಮೌನ ಕೇಳಿಸಿದ ಈ ಕಿವಿಗೆ ನಿನ್ನ ಮೌನ ಕೇಳಿಸಲಿಲ್ಲವಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸುಂದರಿಯ ದೋಸೆ ಚೆನ್ನಾಗಿರುತ್ತದೆ, ಆದರೆ ನಿನ್ನ ಹೊಟ್ಟೆಗೆ ತೆಂಗಿನಕಾಯಿ ಆಗುವುದಿಲ್ಲ ಎಂದು ಈಗಲೇ ಹೇಳಿಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ,
ಯಾರೂ ಏನೂ ಹೇಳದ ನಿನ್ನ ಸೋದರಮಾವ
ಬೋರಲಿಂಗಯ್ಯ

ಮರೆತಿದ್ದೆ: ಮದುವೆ ದಸರೆ ಕಳೆದು ಒಂದು ಶನಿವಾರ, ಹಿಕ್ಸ್‌ವಿಲ್ ಸ್ಟೇಷನ್ ಹತ್ತಿರದ ಹಾಲಿನಲ್ಲಿ ಅಂತ ನಿಮ್ಮಮ್ಮ ಈಗ ತಾನೆ ಹೇಳಿದಳು. ನಾನು ಬರದಿದ್ದರೆ ಬದರಿ ನಿನ್ನ ಕೈಹಿಡಿದು ಕರೆತರುತ್ತಾನಂತೆ. ಬರ್ತೀರೋ ಇಲ್ವೋ ಎಂದು ನಿಮ್ಮಪ್ಪ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಉಪ್ಪಿಟ್ಟು ಇನ್ನೊಂದು ಸಲ ಹಾಕಿಸಿಕೊಂಡು ತಿಂದೆ. ಅದಿರಲಿ, ಶನಿವಾರ ಇಲ್ಲಿಂದ ಹಿಕ್ಸ್‌ವಿಲ್‌ಗೆ ಟ್ರೈನು ಎಷ್ಟು ಹೊತ್ತಿಗೊಂದು? ಸುಮ್ಮನೆ ಕೇಳಿದೆ.