ಬಾಳ್ಯಾನಿಗೆ ಸೋಮವಾರದ ಗಡುವು

ಶಹಾಬಜಾರ, ಕಲಬುರಗಿ
ರವಿವಾರ, ೨೭ ಜುಲೈ ೨೦೨೫, ಸಂಜೆ

ಪ್ರೀತಿಯ ತಮ್ಮ ದೌಲಪ್ಪನಿಗೆ ಅಕ್ಕ ಶಾರದಾಬಾಯಿಯ ಆಶೀರ್ವಾದಗಳು.

ಗಂಟಲಿನ ಹೊಲಿಗೆ ಬಿಚ್ಚಿದರೇ? ಮೂಗಿನ ನಳಿಗೆಯಲ್ಲಿ ಬಿಡುವ ಗಂಜಿ ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ? ಕೆಮ್ಮು ಬಂದರೆ ಅರುಣಕುಮಾರನನ್ನು ಎಬ್ಬಿಸು, ಮಗನ ನಿದ್ದೆ ಕೆಡುತ್ತದೆಂದು ಸುಮ್ಮನೆ ಮಲಗಿರಬೇಡ. ಅವನು ಬಟ್ಟೆಬರೆ ಒಯ್ಯಲು ನಿನ್ನೆ ಇಲ್ಲಿಗೆ ಬಂದ. ನಾಳೆ ಹನ್ನೊಂದರ ರೈಲಿಗೆ ಸೊಲ್ಲಾಪುರಕ್ಕೆ ಹೊರಡುವಾಗ ಈ ಕಾಗದ ಅವನ ಚೀಲದಲ್ಲಿರುತ್ತದೆ. ಫೋನಿನಲ್ಲಿ ನಾನೊಬ್ಬಳೇ ವಟವಟ ಅನ್ನುವುದು, ಆ ಕಡೆಯಿಂದ ನಿನ್ನ ಉಸಿರು ಮಾತ್ರ ಕೇಳುವುದು, ಇದು ನನ್ನ ಕೈಲಿ ಆಗುವುದಿಲ್ಲ. ನಾಡಿದ್ದು ಪಂಚಮಿ. ಮದುವೆಯಾದಾಗಿನಿಂದ ನೀನು ಕರೆಯಲು ಬಾರದ ಮೊದಲ ಪಂಚಮಿ ಇದು. ಉಂಡಿ ಕಟ್ಟಿದೆ, ಒಂದನ್ನೂ ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ.

ಈಗ ಬೈಗುಳ. ನೀನು ಪಾಟಿಯ ಮೇಲೆ "ಬಾಳ್ಯಾ ಎಲ್ಲಿ ಇದ್ದಾನ? ಅಕ್ಕನ ಮನ್ಯಾಗ ಇಲ್ಲಾಂದ್ರ ನಾ ಇಲ್ಲಿ ಒಂದು ದಿನಾ ಇರೂದಿಲ್ಲ" ಎಂದು ಬರೆದೆಯಂತೆ. ಅರುಣ ಹೇಳುತ್ತಾ ಅತ್ತೇಬಿಟ್ಟ. ಡಾಕ್ಟರರು ಆರು ವಾರ ಗಂಟಲಿಗೆ ಕರೆಂಟು, ಅದೇ ರೇಡಿಯೇಶನ್ನು, ಕೊಡಬೇಕು, ನಡುವೆ ಎದ್ದು ಹೋದರೆ ರೋಗ ಮತ್ತೆ ಚಿಗುರುತ್ತದೆ ಎಂದು ಅವನಿಗೆ ಸ್ಪಷ್ಟವಾಗಿ ಹೇಳಿದ್ದಾರೆ. ಒಂದು ನಾಯಿಗಾಗಿ ಜೀವ ಪಣಕ್ಕಿಡುವವನು ನೀನು, ಹುಟ್ಟಿದಾಗಿನಿಂದ ಹಟಮಾರಿ. ಹೋದ ಕಾಗದದಲ್ಲಿ ನಾನು "ಬಾಳ್ಯಾ ಆರಾಮವಾಗಿದ್ದಾನೆ" ಎಂದು ಬರೆದಿದ್ದೆ. ಅದು ಸುಳ್ಳು. ಹೇಗಿದ್ದರೂ ಅರುಣನ ಮುಖ ನೋಡಿ ನೀನು ತಿಳಿದುಕೊಳ್ಳುತ್ತೀ, ಅದಕ್ಕೇ ಇವತ್ತು ಇದ್ದದ್ದು ಇದ್ದಂತೆ ಬರೆಯುತ್ತೇನೆ.

ನಿನ್ನನ್ನು ಕಾರಿನಲ್ಲಿ ಮಲಗಿಸಿಕೊಂಡು ಹೋದ ಮೇಲೆ ಬಾಳ್ಯಾ ಕಮಲಾಪುರದ ತೋಟದಲ್ಲಿ ನಿಲ್ಲಲಿಲ್ಲ. ದಿನಾ ಹುಮನಾಬಾದ ರಸ್ತೆಗೆ ಓಡಿ, ಬರುವ ಕಾರುಗಳ ಹಿಂದೆಲ್ಲ ಓಡುತ್ತಿದ್ದ. ಎರಡು ಸಲ ಲಾರಿಗೆ ಸಿಗುವುದು ತಪ್ಪಿತು. ತೋಟ ನೋಡಿಕೊಳ್ಳುವ ಮಾಪಣ್ಣ ಫೋನು ಮಾಡಿ, "ಬಾಯಾರ, ಇಲ್ಲಿ ಬಿಟ್ರ ಇದು ಉಳಿಯೂದಿಲ್ರಿ" ಅಂದ. ನಾಯಿಯನ್ನು ಹೊಸ್ತಿಲು ದಾಟಿಸದ ನಾನೇ ಆಟೋ ಕಳಿಸಿ ತರಿಸಿಕೊಂಡೆ. ಇದಾಗಿ ಹದಿನೈದು ದಿನವಾಯಿತು.

ನಮ್ಮ ಹಿತ್ತಲು ನಿನಗೆ ಗೊತ್ತೇ ಇದೆ, ಗೋಡೆಯಿಂದ ಗೋಡೆಗೆ ಶಹಾಬಾದ ಕಲ್ಲು. ಬಾಳೆಗಿಡದ ಬುಡದಲ್ಲಿ ಬೆಳೆದವನು ಅಲ್ಲಿ ಒಂದಕ್ಕೂ ಹೋಗಲಿಲ್ಲ, ಎರಡಕ್ಕೂ ಹೋಗಲಿಲ್ಲ. ಒಂದೂವರೆ ದಿನ ತಡೆದುಕೊಂಡ. ಆಮೇಲೆ ಒಳಗೆ ಬಂದವನೇ ದೇವರ ಕೋಣೆಯ ಬಾಗಿಲಲ್ಲಿದ್ದ ಗೋಣಿತಟ್ಟಿನ ಮೇಲೆ ಎರಡನ್ನೂ ಮುಗಿಸಿದ. ನನ್ನ ಜೀವ ಹಾರಿಹೋಯಿತು. ತಟ್ಟು ಎಸೆದೆ, ನೆಲ ತೊಳೆದೆ, ಸಮಾಧಾನವಾಗದೆ ಬಕೆಟ್ಟಿಗೆ ಅರ್ಧ ಲೋಟ ಗೋಮೂತ್ರ ಹಾಕಿ ಮತ್ತೆ ಒರೆಸಿದೆ. ಮರುದಿನ ಬೆಳಿಗ್ಗೆ ಅದೇ ಜಾಗ. ನಾನು ಮತ್ತೆ ಗೋಮೂತ್ರ. ಮೂರನೆಯ ದಿನ ಒಂದು ಲೋಟ. ನಾನು ಎಷ್ಟು ಶುದ್ಧ ಮಾಡಿದರೆ ಅವನು ಅಷ್ಟು ನಿಷ್ಠೆಯಿಂದ ಅಲ್ಲಿಗೇ ಬರುತ್ತಿದ್ದ. ಮೂವತ್ತೊಂದು ವರ್ಷ ಒಂದನೇ ತರಗತಿಯ ಮಕ್ಕಳಿಗೆ ಕಿರುಬೆರಳೆತ್ತಿ ಕೇಳಿ ಹೊರಗೆ ಹೋಗುವುದನ್ನು ಕಲಿಸಿದವಳು ನಾನು, ಒಂದು ನಾಯಿಯ ಮುಂದೆ ಸೋತು ಕುಳಿತೆ.

ವಿವೇಕಾನಂದನ ಸಿಟ್ಟು ನಿನಗೆ ತಿಳಿಯದ್ದಲ್ಲ. ಸೋದರಮಾವನ ಮೇಲೆ ಅವನಿಗೆ ಪ್ರೀತಿಯಿದೆ, ಆದರೆ ಆಫೀಸಿಗೆ ಹೊರಡುವ ಹೊತ್ತಿಗೆ ಕಾಲಿಗೆ ಹೇಸಿಗೆ ತಾಗಿದರೆ ಯಾವ ಪ್ರೀತಿ ನಿಲ್ಲುತ್ತದೆ? ಒಂದು ದಿನ ಅವನು ಬಾಳ್ಯಾನ ಕತ್ತು ಹಿಡಿದು ಮೂಗನ್ನು ಅದರಲ್ಲೇ ತಿಕ್ಕಿದ. ಆವತ್ತಿನಿಂದ ನಾಯಿ ನಮ್ಮ ಕಣ್ಣು ತಪ್ಪಿಸಿ ಜೋಳದ ಡಬ್ಬಿಯ ಹಿಂದೆಯೂ ಶುರು ಮಾಡಿತು. ಹೋದ ರವಿವಾರ ವಿವೇಕ ಊಟದ ತಟ್ಟೆ ಸರಿಸಿ, "ಅವ್ವಾ, ಶ್ರಾವಣದ ಮೊದಲನೇ ಸೋಮವಾರ ಮಠದ ಅಯ್ನೋರು ಪಾದಪೂಜೆಗೆ ಬರ್ತಾರ. ಅಷ್ಟರೊಳಗ ಇದು ಸುಧಾರಸಬೇಕು, ಇಲ್ಲಾಂದ್ರ ಕಪನೂರಿನ ಕಾರ್ಖಾನಿಗಿ ಕೊಟ್ಟು ಬರ್ತೀನಿ" ಅಂದ. ಅಲ್ಲಿ ಅವನ ಗೆಳೆಯನೊಬ್ಬನ ಶೆಡ್ಡಿದೆ. ಹಗಲೆಲ್ಲ ಸರಪಳಿ, ಕಬ್ಬಿಣ ಕೊಯ್ಯುವ ಸದ್ದು. ಐದು ವರ್ಷ ಒಂದು ಹಗ್ಗವನ್ನೂ ಕಾಣದ ನಾಯಿ ಅದು. ಸೊಸೆ ಅಂಬಿಕಾ ನನ್ನ ಕಡೆ ನೋಡಿದಳು, ನಾನು ಗೋಡೆಯ ಕಡೆ ನೋಡಿದೆ.

ಮಂಗಳವಾರ ಬಾಳ್ಯಾನನ್ನು ಆಟೋದಲ್ಲಿ ಕೂರಿಸಿಕೊಂಡು ಕೋಟೆಯ ಹತ್ತಿರದ ಪಶುವೈದ್ಯೆ ಸಿದ್ರಾ ಎಂಬ ಹುಡುಗಿಯ ಬಳಿ ಹೋದೆ. ಅವಳು ಮೊದಲು ಮೂತ್ರ ಪರೀಕ್ಷೆ ಮಾಡಿಸಿ ಕಾಯಿಲೆಯೇನೂ ಇಲ್ಲವೆಂದಳು. ಆಮೇಲೆ ನೆಲವನ್ನು ಯಾವುದರಿಂದ ಒರೆಸುತ್ತೀರಿ ಎಂದು ಕೇಳಿದಳು. ಹೆಮ್ಮೆಯಿಂದಲೇ ಹೇಳಿದೆ. ಪಾಪದ ಹುಡುಗಿ, ಪೆನ್ನಿನ ಮುಚ್ಚಳ ತಿರುವುತ್ತಾ, "ಅಮ್ಮಾ, ತಪ್ಪ ತಿಳಕೋಬ್ಯಾಡ್ರಿ. ನಿಮಗ ಅದು ಮಡಿ ಅದ. ಇದರ ಮೂಗಿಗೆ ಬರೇ ಮೂತ್ರ ರೀ. ಇಲ್ಲೇ ಮಾಡು ಅಂತ ದಿನಾ ನೀವ ಜಾಗಾ ತೋರಸಾಕತ್ತೀರಿ" ಅಂದಳು. ದೌಲ್ಯಾ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹತ್ತು ದಿನ ಆ ಮೂಕ ಪ್ರಾಣಿ ಬೈಗುಳ ತಿಂದದ್ದು ನನ್ನ ಮಡಿಯ ದೆಸೆಯಿಂದ.

ಸಿರ್ಕಾ, ಅಂದರೆ ವಿನೆಗರ್, ಬೆರೆಸಿದ ನೀರಿನಲ್ಲಿ ಒರೆಸಿ ಅಂದಳು. ಹೊಡೆಯಬೇಡಿ, ಬೈದರೆ ಅವನು ಕಲಿಯುವುದು ಅಡಗಿಕೊಂಡು ಮಾಡುವುದನ್ನು ಮಾತ್ರ. ಎದ್ದ ಕೂಡಲೇ, ಉಂಡ ಮೇಲೆ, ಮಲಗುವ ಮೊದಲು, ನಡುವೆ ಎರಡು ಮೂರು ತಾಸಿಗೊಮ್ಮೆ ಒಂದೇ ಜಾಗಕ್ಕೆ ಕರೆದೊಯ್ದು ಕಾಯಿರಿ, ಮುಗಿಸಿದ ತಕ್ಷಣ ಅವನಿಗೆ ಇಷ್ಟವಾದದ್ದನ್ನು ಬಾಯಿಗೆ ಕೊಡಿ. ಕರೆದೊಯ್ಯುವಾಗ ಪ್ರತಿ ಸಲವೂ ಒಂದೇ ಮಾತು ಹೇಳಿ. ಆ ಮಾತಿನ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ಎಂಥ ನೆಲದ ಮೇಲೆ ಹೋಗುತ್ತಿದ್ದ ಎಂದು ಕೇಳಿದಳು. ಬಾಳೆಯ ಒಣ ಎಲೆ ಅಂದೆ. ಹಾಗಾದರೆ ಅದನ್ನೇ ತನ್ನಿ ಅಂದಳು.

ಬುಧವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಮಾಪಣ್ಣ ಎರಡು ಚೀಲ ಒಣ ಎಲೆ ಒತ್ತಿ ತುಂಬಿ, ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನೂ ಮೇಲಿಟ್ಟ. ಕಂಡಕ್ಟರ್ "ಅಮ್ಮಾ, ಕಸಕ್ಕೂ ಟಿಕೇಟ್ ಹೊಡೀಬೇಕೇನ್ರಿ?" ಎಂದು ಹಲ್ಲು ಕಿಸಿದ. ಹೊಡಿ ಅಂದೆ. ತೋಟದ ಮನೆಯ ಮುಂದೆ ನಿನ್ನ ಮಂಚ ಹಾಗೇ ಇದೆ, ಅದರ ಕೆಳಗೆ ಬಾಳ್ಯಾ ಕೆದರಿಕೊಂಡ ಕುಳಿಯೂ ಇದೆ. ಅಲ್ಲಿ ಸ್ವಲ್ಪ ಹೊತ್ತು ಕುಳಿತೆ. ನೀನು ಪಾಟಿಯ ಮೇಲೆ ಬರೆದ ಇನ್ನೊಂದು ಸಾಲನ್ನು ಅರುಣ ಹಿಂದಿನ ದಿನವೇ ಫೋನಿನಲ್ಲಿ ಓದಿ ಹೇಳಿದ್ದ. "ದನಿ ಹೋದ ಮ್ಯಾಲ ಬಾಳ್ಯಾಗ ನಾ ಯಾರು?" ಅದನ್ನೇ ತಲೆಯಲ್ಲಿಟ್ಟುಕೊಂಡು ಮರಳಿ ಬಂದೆ.

ಗುರುವಾರ ಹಿತ್ತಲ ಮೂಲೆಯಲ್ಲಿ ಎಲೆ ಹರಡಿದೆ. ಬಾಳ್ಯಾ ಮೂಸಿದ, ಎರಡು ಸುತ್ತು ತಿರುಗಿದ, ಕುಳಿತ! ಅಂಬಿಕಾ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು. ಕೆಂಪು ಬಾಳೆಹಣ್ಣಿನ ತುಂಡು ಬಾಯಿಗಿಟ್ಟೆ, ಬೆರಳು ಸಹಿತ ನೆಕ್ಕಿದ. ಶುಕ್ರವಾರ ಮನೆಯೊಳಗೆ ಒಂದು ಹನಿಯಿಲ್ಲ. ಶನಿವಾರ ಮಧ್ಯಾಹ್ನ ನನಗೆ ಜೋಂಪು ಹತ್ತಿತು. ಮಳೆ ಹನಿಯುತ್ತಿದೆಯೆಂದು ಅಂಬಿಕಾ ಹಿತ್ತಲ ಬಾಗಿಲಿಗೆ ಅಗಳಿ ಹಾಕಿದ್ದಳು. ಪಾಪ, ಅವನು ಬಾಗಿಲು ಕೆರೆದಿದ್ದಾನೆ, ಕೆರೆದ ಗುರುತಿದೆ. ಯಾರೂ ತೆಗೆಯಲಿಲ್ಲ. ವಿವೇಕ ಒಳಗೆ ಬರುವುದಕ್ಕೂ ಬಾಳ್ಯಾ ಪಡಸಾಲೆಯಲ್ಲಿ ಮಾಡುವುದಕ್ಕೂ ಸರಿಹೋಯಿತು. ತಪ್ಪು ನಮ್ಮದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನೆದುರೇ ಟೆಂಪೋದವನಿಗೆ ಫೋನು ಮಾಡಿ ಸೋಮವಾರ ಎಂಟಕ್ಕೆ ಬರಲು ಹೇಳಿದ.

ನಾಳೆ ಪೂಜೆ ಮುಗಿಯುವವರೆಗೆ ಮನೆಯೊಳಗೆ ಏನೂ ಆಗದಿದ್ದರೆ ಟೆಂಪೋ ಖಾಲಿ ಹೋಗಲಿ, ಏನಾದರೂ ಆದರೆ ನಾನೇ ಕೈಯಾರೆ ಬಾಳ್ಯಾನನ್ನು ಹತ್ತಿಸುತ್ತೇನೆ ಎಂದು ವಿವೇಕನಿಗೆ ಮಾತು ಕೊಟ್ಟಿದ್ದೇನೆ. ಈಗ ಬಾಳ್ಯಾ ನನ್ನ ಕಾಲ ಬಳಿಯೇ ಮಲಗಿದ್ದಾನೆ. ಅವನು ಹೋದರೆ ನೀನು ಆಸ್ಪತ್ರೆ ಬಿಟ್ಟು ಬರುತ್ತೀ, ನೀನು ಬಂದರೆ ಮುಂದಿನ ಪಂಚಮಿಗೆ ನನಗೆ ತವರೇ ಇರುವುದಿಲ್ಲ. ನನಗೆ ಹೆದರಿಕೆಯಾಗಿದೆ, ದೌಲ್ಯಾ. ಏನೇ ಆದರೂ ಆರು ವಾರ ಮುಗಿಯುವವರೆಗೆ ಆಸ್ಪತ್ರೆ ಬಿಟ್ಟು ಏಳಬೇಡ.

ಹೊತ್ತಿಗೆ ಸರಿಯಾಗಿ ಔಷಧಿ ತಗೊಳ್ಳುತ್ತಿರು. ಶರಣಬಸಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಶಾರದಾಬಾಯಿ

ತಾ.ಕ.: ಸೋಮವಾರ, ಒಂಬತ್ತೂವರೆ. ಅರುಣ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು "ಅತ್ತಿ, ಜಲ್ದಿ" ಅನ್ನುತ್ತಿದ್ದಾನೆ. ಎಂಟರ ಸುಮಾರಿಗೆ ಅಯ್ಯನವರ ಪಾದಕ್ಕೆ ವಿವೇಕ ನೀರೆರೆಯುತ್ತಿದ್ದ, ನನ್ನ ಕೈಯಲ್ಲಿ ಹೂವಿನ ತಟ್ಟೆ. ಹಿತ್ತಲ ಬಾಗಿಲು ತೆರೆದಿತ್ತು, ಬಾಳ್ಯಾ ಒಳಗೆ ಬಂದ. ನೆಟ್ಟಗೆ ಆ ಹಳೆಯ ಜಾಗಕ್ಕೇ ಹೋಗಿ ಮೂಸತೊಡಗಿದ. ವಿವೇಕನ ಕೈಯ ತಂಬಿಗೆ ಅಲ್ಲೇ ನಿಂತಿತು. ಹೊರಗೆ ಟೆಂಪೋ ಹಾರ್ನು ಹೊಡೆಯಿತು. ನಾನು ತಟ್ಟೆ ಕೆಳಗಿಟ್ಟು ಎರಡು ಸಲ ಚಪ್ಪಾಳೆ ತಟ್ಟಿದೆ. ಬಾಳ್ಯಾ ಕಿವಿ ನಿಮಿರಿಸಿ, ಆ ಜಾಗ ಬಿಟ್ಟು ನನ್ನ ಹತ್ತಿರ ಬಂದ. ಇಬ್ಬರೂ ಹಿತ್ತಲಿಗೆ ಹೋದೆವು, ಎಲೆಯ ಮೇಲೆ ಮುಗಿಸಿದ. ತಿರುಗಿ ನೋಡಿದರೆ ವಿವೇಕ ಒದ್ದೆ ಕೈಯಲ್ಲೇ ಬಾಳೆಹಣ್ಣು ಸುಲಿಯುತ್ತಾ ನಿಂತಿದ್ದ. ಟೆಂಪೋ ಖಾಲಿ ಹೋಯಿತು.

ಆಮೇಲೆ ಬರೆಯುತ್ತೇನೆ ಎಂದಿದ್ದು ಇದನ್ನೇ. ಸಿದ್ರಾ ಒಂದು ಮಾತು ಗೊತ್ತು ಮಾಡಿ ಅಂದಳು, ನಾನು ಮಾಡಲಿಲ್ಲ. ಗುರುವಾರದಿಂದ ಬಾಳ್ಯಾನ ಮುಂದೆ ನಾನು ಬಾಯಿ ಬಿಟ್ಟಿಲ್ಲ. ಊಟಕ್ಕೂ ಹಿತ್ತಲಿಗೂ ಬರೀ ಎರಡು ಚಪ್ಪಾಳೆ. ಈಗಷ್ಟೇ ಅರುಣನ ಕೈಯಿಂದಲೂ ತಟ್ಟಿಸಿ ನೋಡಿದೆ, ಅವನ ಹತ್ತಿರವೂ ಓಡಿಬಂದ. ಆರು ವಾರ ಮುಗಿಸಿಕೊಂಡೇ ಬಾ. ಬಾಗಿಲಲ್ಲಿ ನಿಂತು ಎರಡು ಸಲ ಕೈ ತಟ್ಟು, ಸಾಕು.