ಕನ್ನಡಿ ನೋಡಿ ಬರೆದ ಮುಖ

ಲ್ಯೂಬೆಕ್,
1824ರ ಮಾರ್ಚ್ 9

ಪ್ರೀತಿಯ ಆಗಾಥೆ ಅಕ್ಕಾ,

ಹೇಗಿದ್ದೀಯಾ? ಡಾನ್ಜಿಗ್‌ನ ಚಳಿಗೆ ಕೆಮ್ಮು ಹೆಚ್ಚಾಯಿತೆಂದು ನೀನು ಬರೆದಿದ್ದೆ. ಬಿಸಿ ಹಾಲಿಗೆ ಜೇನು ಹಾಕಿ ಕುಡಿಯುತ್ತಿದ್ದೀಯೋ ಇಲ್ಲವೋ? ಭಾವ ಈಗಲಾದರೂ ಊಟದ ಹೊತ್ತಿಗೆ ನಿನ್ನೊಡನೆ ಎರಡು ಮಾತಾಡುತ್ತಾರಾ? ನೀನು ಕಿಸಕ್ಕನೆ ನಕ್ಕಾಗ ಬರೆದ ಚಿತ್ರ ನೋಡಿಯೇ ಅವರು ನಿನ್ನನ್ನು ಒಪ್ಪಿದ್ದು. ಅದನ್ನು ಬರೆದ ಕೈ ನನ್ನದೇ ಎಂಬುದನ್ನು ಇವತ್ತಿಗೂ ಮರೆಯಲಾಗಿಲ್ಲ.

ಈಗ ನನ್ನ ಸರದಿ. ರೀಗಾದ ಮರದ ವ್ಯಾಪಾರಿ ಲಿಂಡೆಕಾಂಪ್, ಇಬ್ಬರು ಹೆಂಡಿರನ್ನು ಮಣ್ಣು ಮಾಡಿದವರು, ಚಿತ್ರದಲ್ಲಿ ಮುಖ ನೋಡಿ ಹೇಳುತ್ತೇನೆ ಅಂದಿದ್ದಾರೆ. "ಊರೋರ ಮುಖ ಎಲ್ಲ ಬರೀತೀಯಲ್ಲ, ನಿನ್ ಮುಖ ನೀನೇ ಬರಿ" ಎಂದು ಅಪ್ಪ ಕನ್ನಡಿ ಮುಂದೆ ಕೂರಿಸಿದರು. ಬಾಗಿಲಲ್ಲಿ ಡೊರೊಥೆಯಾ ಅತ್ತೆ ಕಾಲುಚೀಲ ಹೆಣೆಯುತ್ತ ಕಾವಲು. ಸಂಜೆಯಾದರೆ ಸೀಸದ ಕಡ್ಡಿ, ಕಾಗದ ಎಲ್ಲ ಅಪ್ಪನ ಬೀರುವಿಗೆ. ಮದುವೆಯಾದ ಮೇಲೆ ಅದೂ ಇಲ್ಲ. ಹೆಂಗಸು ಪರರ ಮುಖ ದಿಟ್ಟಿಸುವುದು ತಮಗೆ ಹಿಡಿಸದೆಂದು ಆ ಮಹಾಶಯರು ಮೊದಲೇ ಬರೆದುಬಿಟ್ಟಿದ್ದಾರೆ. ಮುಖ ನೋಡದೆ ನಾನೇನು ಮಾಡಲಿ ಅಕ್ಕಾ, ಗೋಡೆ ನೋಡಲೇ?

ನಾನು ಸುಮ್ಮನಿರುವವಳೇ? ಮೂಗು ಉದ್ದ ಮಾಡಿ, ಕಣ್ಣು ತುಸು ಓರೆ ಮಾಡಿ ಒಂದು ಬರೆದೆ. ಅಪ್ಪ ಅದನ್ನು ನನ್ನ ಕೆನ್ನೆಯ ಪಕ್ಕ ಹಿಡಿದು, "ನಿಮ್ಮತ್ತೆ ಮೂಗು ತಂದು ಅಂಟಿಸಿದೀಯೇನೇ?" ಎಂದು ಹರಿದೆಸೆದರು. ಅತ್ತೆ ಎರಡು ದಿನ ಮಾತು ಬಿಟ್ಟರು. ಎರಡನೆಯದನ್ನು ಇನ್ನೂ ಜಾಣತನದಿಂದ ಕೆಡಿಸಬೇಕೆಂದೇ ಕೂತೆ. ಆದರೆ ಎಡಗಣ್ಣಿನ ಕೆಳಗಿನ ನೆರಳು ಸರಿಯಾಗಿ ಬಂತು ನೋಡು, ಮದುವೆ, ರೀಗಾ ಒಂದೂ ನೆನಪಿಲ್ಲ. ತುಟಿಯಲ್ಲಿ ನನ್ನ ಸಿಟ್ಟು ಕೂಡ ಬಂತು. "ಇನ್ನೇನು, ಬಾಯ್ಬಿಟ್ಟು ಮಾತಾಡ್ತಾಳೆ!" ಎಂದು ಅಪ್ಪ ಕಣ್ಣೊರೆಸಿಕೊಂಡರು. ನನ್ನ ಕೈಯೇ ನನ್ನನ್ನು ಹಿಡಿದುಕೊಟ್ಟಿತು ಅಕ್ಕಾ. ಅಪ್ಪ ಆಗಲೇ ಮದುವೆಯ ಬಟ್ಟೆಗೆ ಹೇಳಿದ್ದಾರೆ.

ಈ ಕಟ್ಟಿನಲ್ಲೇ ಚಿತ್ರವಿದೆ. ಮುಂದಿನ ತಿಂಗಳು ಭಾವ ರೀಗಾಕ್ಕೆ ಹೋಗುವಾಗ ಒಯ್ಯಬೇಕಂತೆ. ಮೇಲಿರುವ ಕಾಗದ ಅಪ್ಪ ಓದಿ ಮುದ್ರೆ ಒತ್ತಿದ್ದು. ಇದನ್ನು ಚಿತ್ರದ ಹಿಂದಿನ ರಟ್ಟಿನೊಳಗೆ ತೂರಿಸುತ್ತೇನೆ.

ದೇವರು ನಿನ್ನ ಎದೆಯನ್ನು ಬೆಚ್ಚಗಿಡಲಿ. ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು.

ನಿನ್ನ,
ಥೆಕ್ಲಾ

ತಾ.ಕ.: ಅತ್ತೆ ಮೆಟ್ಟಿಲು ಹತ್ತುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಚಿತ್ರ ರೀಗಾ ಮುಟ್ಟಬಾರದು. ಇಲ್ಲಿಂದ ಬರುವಾಗಲೇ ಹಡಗಿನಲ್ಲಿ ನೀರು ಬಿದ್ದು ಹಾಳಾಯಿತೆಂದು ಭಾವನ ಹತ್ತಿರ ಹೇಳು, ಎಲ್ಲಾದರೂ ಬಚ್ಚಿಡು. ಒಲೆಗೆ ಮಾತ್ರ ಹಾಕಬೇಡ, ನಿನ್ನ ದಮ್ಮಯ್ಯ. ಅಷ್ಟು ಚೆನ್ನಾಗಿ ನಾನು ಈವರೆಗೆ ಏನನ್ನೂ ಬರೆದಿಲ್ಲ. ಬಚ್ಚಿಡಲು ಜಾಗವೇ ಇಲ್ಲ, ಸುಡಲೇಬೇಕು ಅನ್ನುವ ಹಾಗಾದರೆ, ರೀಗಾಕ್ಕೇ ಕಳಿಸಿಬಿಡು.